20 ಮೂಟೆ, 3 ಡ್ರಮ್: ಒಂದು ಪಿಕಪ್ಪಿನ ಪ್ರಕರಣ

ಗಾಡಿಯ ಬಾಡಿ ಅರ್ಧವೂ ತುಂಬಿದ ಹಾಗೆ ಕಾಣುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಒಂದು ವಾರ ಮನೆಯಲ್ಲಿ ನಡೆದ ವಾದವೆಲ್ಲ ಈ ಮಾತಿನ ಮೇಲೆಯೇ ನಿಂತಿತ್ತು.

"ಅಣ್ಣ, ಬೂಸ ತರುವಾಗ ಕ್ಯಾಬಿನ್ ಎತ್ತರಕ್ಕೆ ಹೇರಿದ್ದೀವಿ. ಒಂದು ದಿನವೂ ಏನೂ ಆಗಿಲ್ಲ. ಅವತ್ತು ಮೂಟೆ ನನ್ನ ಮೊಣಕಾಲ ಮಟ್ಟಕ್ಕೆ ಇತ್ತು ಅಷ್ಟೆ" ಅಂತ ತಮ್ಮ ಹೇಳುತ್ತಲೇ ಇದ್ದ. ಅವನ ಮಾತಿನಲ್ಲಿ ಸುಳ್ಳು ಏನೂ ಇರಲಿಲ್ಲ. ಹಾಗಿದ್ದೂ ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟಿತ್ತು.

ನಮ್ಮದು ಸಣ್ಣ ಡೈರಿ. ಮೇವು ಬಿಟ್ಟು ಉಳಿದ ಪಶು ಆಹಾರವನ್ನೆಲ್ಲ ನಮ್ಮದೇ ಪಿಕಪ್ಪಿನಲ್ಲಿ ತರುತ್ತೇವೆ. ಮೊದಲು ಬೂಸವೇ ಜಾಸ್ತಿ ಇತ್ತು. ಹಾಲು ಹೆಚ್ಚಬೇಕು ಅಂತ ನಿಧಾನಕ್ಕೆ ಪೆಲೆಟ್ ಫೀಡಿಗೆ, ಅಂದರೆ ಒತ್ತಿ ಗುಳಿಗೆ ಮಾಡಿದ ಆಹಾರಕ್ಕೆ ಬದಲಾದೆವು. ಅದರ ಜೊತೆಗೆ ಬಿಯರ್ ವೇಸ್ಟ್ ಕೂಡ ಶುರುವಾಯಿತು. ಬಿಯರ್ ತಯಾರಿಸಿದ ಮೇಲೆ ಉಳಿಯುವ ಬಾರ್ಲಿಯ ಹಸಿ ಹಿಂಡಿ ಅದು. ಹಸುಗಳು ಇಷ್ಟಪಟ್ಟು ತಿನ್ನುತ್ತವೆ. ಆಹಾರ ಬದಲಾಯಿತು, ಗಾಡಿ ಅದೇ, ಹೇರುವ ಅಭ್ಯಾಸವೂ ಅದೇ.

ಅವತ್ತಿನ ಲೋಡ್ ಹೀಗಿತ್ತು. 50 ಕಿಲೋದ 20 ಮೂಟೆ ಪೆಲೆಟ್. 200 ಲೀಟರಿನ 3 ಡ್ರಮ್‌ಗಳಲ್ಲಿ ಬಿಯರ್ ವೇಸ್ಟ್. ಮೂಟೆ ಮೊದಲ ಅಂಗಡಿಯಲ್ಲಿ ಸಿಕ್ಕಿದ್ದರಿಂದ ಅವು ಕ್ಯಾಬಿನ್ ಕಡೆಯಿಂದ ಸಾಲಾಗಿ ಮಲಗಿದವು. ಡ್ರಮ್ ಎರಡನೇ ಜಾಗದಲ್ಲಿ ಸಿಕ್ಕಿದ್ದರಿಂದ ಉಳಿದ ಜಾಗಕ್ಕೆ, ಅಂದರೆ ಹಿಂದಿನ ಡೋರಿಗೆ ತಾಗಿಕೊಂಡು ಅಡ್ಡ ಸಾಲಿನಲ್ಲಿ ನಿಂತವು. ಯಾರೂ ಯೋಚನೆ ಮಾಡಿ ಹಾಗಿಟ್ಟದ್ದಲ್ಲ. ದಾರಿಯಲ್ಲಿ ಯಾವುದು ಆಮೇಲೆ ಸಿಕ್ಕಿತೋ ಅದು ಹಿಂದೆ ಬಂತು. ಇಳಿಸುವಾಗಲೂ ಅದೇ ಸುಲಭ.

ಹೊರಡುವಾಗ ಕತ್ತಲಾಗಿತ್ತು. ಎದುರಿನಿಂದ ಬಂದವರು ಒಬ್ಬರ ಹಿಂದೆ ಒಬ್ಬರು ಲೈಟ್ ಮಿಣುಕಿಸಿ ಬೈದುಕೊಂಡು ಹೋದರಂತೆ. ತಮ್ಮ ಡಿಮ್‌ನಲ್ಲೇ ಓಡಿಸುತ್ತಿದ್ದ. ಸ್ಟೇರಿಂಗ್ ಎಂದಿಗಿಂತ ಹಗುರ ಅನ್ನಿಸಿತು. "ಬೆಣ್ಣೆ ಹಾಗೆ ತಿರುಗುತ್ತಿತ್ತು" ಅಂತ ಆಮೇಲೆ ಹೇಳಿದ. ಆ ಹೊತ್ತಿಗೆ ಅದು ಅವನಿಗೆ ಖುಷಿಯ ವಿಷಯವೇ ಆಗಿತ್ತು ಅಂತ ನನ್ನ ಗುಮಾನಿ.

ಇಳಿಜಾರು ಬಂತು. ನಾಲ್ಕನೇ ಗೇರ್‌ನಲ್ಲಿ, ಬ್ರೇಕಿನ ಮೇಲೆ ಹಗುರಾಗಿ ಕಾಲಿಟ್ಟುಕೊಂಡೇ ಇಳಿದ. ಮುಕ್ಕಾಲು ಭಾಗ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಪೆಡಲ್ ಒತ್ತಿದರೆ ಸ್ಪಂಜ್ ತುಳಿದ ಹಾಗೆ ಕೆಳಗೆ ಹೋಯಿತು. ನಾಲ್ಕೈದು ಸಲ ಪಂಪ್ ಮಾಡಿದ ಮೇಲೆ ಸ್ವಲ್ಪ ಹಿಡಿಯಿತು. ಮೂರನೇ ಗೇರ್, ಆಮೇಲೆ ಎರಡನೇ ಗೇರ್, ಜೊತೆಗೆ ಕೈ ಬ್ರೇಕ್ ಸ್ವಲ್ಪ ಸ್ವಲ್ಪವೇ. ರಸ್ತೆ ಅಗಲವಾದ ಕಡೆ ಹೇಗೋ ನಿಲ್ಲಿಸಿದ. ಯಾರಿಗೂ ಏನೂ ಆಗಲಿಲ್ಲ. 40 ನಿಮಿಷ ಬಿಟ್ಟು ನೋಡಿದರೆ ಪೆಡಲ್ ಮೊದಲಿನ ಹಾಗೆ ಗಟ್ಟಿ! ಎರಡನೇ ಗೇರ್‌ನಲ್ಲಿ ತೆವಳಿಕೊಂಡು ಮನೆಗೆ ಬಂದ.

ಮಾರನೇ ದಿನ ಮೇಸ್ತ್ರಿ ಮುಂದಿನ ಚಕ್ರ ಬಿಚ್ಚಿದರು. ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್ ಸುಟ್ಟು ಗಾಜಿನ ಹಾಗೆ ನುಣುಪಾಗಿತ್ತು. ಡಿಸ್ಕಿನ ಮೇಲೆ ನೀಲಿ ಕಲೆ ಬಿದ್ದಿತ್ತು. ಹೊಸ ಪ್ಯಾಡ್ ಹಾಕಿ, ಖಾಲಿ ಗಾಡಿಯಲ್ಲಿ ಒಂದು ಸುತ್ತು ಹೋಗಿ ಬಂದು "ಸರಿಯಾಯ್ತು, ತಗೊಂಡು ಹೋಗಿ" ಅಂದರು. ತಮ್ಮನಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಪ್ಯಾಡ್ ಸುಟ್ಟಿದ್ದು ಸರಿ, ಆದರೆ ಅದು ಸುಡುವಷ್ಟು ಬಿಸಿ ಎಲ್ಲಿಂದ ಬಂತು? ಹಿಂದಿನ ಚಕ್ರದ ಬ್ರೇಕಿನಲ್ಲಿ ಬಿಸಿಯಾದ ಗುರುತೇ ಇರಲಿಲ್ಲ. ಅದು ಯಾಕೆ?

ವೇಬ್ರಿಡ್ಜ್ ಹೇಳಿದ್ದು

ಖಾಲಿ ಗಾಡಿಯನ್ನು ವೇಬ್ರಿಡ್ಜಿಗೆ, ಅಂದರೆ ಗಾಡಿ ತೂಗುವ ಕಾಟಾಕ್ಕೆ ತೆಗೆದುಕೊಂಡು ಹೋದೆ. ಮೊದಲು ಮುಂದಿನ ಚಕ್ರ ಮಾತ್ರ ತಟ್ಟೆಯ ಮೇಲೆ, ಆಮೇಲೆ ಇಡೀ ಗಾಡಿ, ಕೊನೆಗೆ ಹಿಂದಿನ ಚಕ್ರ ಮಾತ್ರ. ಮೂರು ಚೀಟಿ. ತಟ್ಟೆಯ ಎರಡೂ ಬದಿಯ ನೆಲ ಸಮ ಇದ್ದರೆ ಮಾತ್ರ ಈ ಕೆಲಸ ಮಾಡಬೇಕು. ಇಲ್ಲದಿದ್ದರೆ ತೂಕ ಒಂದು ಕಡೆಗೆ ವಾಲುತ್ತದೆ.

ಕಂಪನಿಯ ಕಾಗದದಲ್ಲಿ ಖಾಲಿ ತೂಕ 1700 ಕಿಲೋ, ಒಟ್ಟು ತೂಕದ ಮಿತಿ 2950. ಹಾಗಾಗಿ 1250 ಕಿಲೋ ಹೊರಬಹುದು ಅಂತ ನಾವು ವರ್ಷಗಟ್ಟಲೆ ನಂಬಿದ್ದೆವು. ಚೀಟಿಯಲ್ಲಿ ಬಂದ ಖಾಲಿ ತೂಕ 1910. ಎಲ್ಲಿಂದ ಬಂತು 210 ಕಿಲೋ? ಸ್ಟೇರಿಂಗ್ ಮುಂದೆ ಕೂತಿದ್ದ ತಮ್ಮನ ತೂಕ 72. ಬಾಡಿ ಸವೆಯದಿರಲಿ ಅಂತ ನೆಲಕ್ಕೆ ಹಾಸಿದ್ದ 3 ಮಿಲಿಮೀಟರ್ ದಪ್ಪದ ಕಬ್ಬಿಣದ ಶೀಟು 96. ಈ ಶೀಟಿನ ತೂಕ ಲೆಕ್ಕ ಹಾಕುವುದು ಸುಲಭ, ಚದರ ಮೀಟರಿಗೆ ಸುಮಾರು 23.5 ಕಿಲೋ. ನಮ್ಮ ಬಾಡಿ 2.4 ಮೀಟರ್ ಉದ್ದ, 1.7 ಮೀಟರ್ ಅಗಲ. ಉಳಿದದ್ದು ಹೆಚ್ಚುವರಿ ಕಮಾನು ಪಟ್ಟಿ (ಗಾಡಿಯ ಭಾರ ಹೊರುವ ಸ್ಪ್ರಿಂಗಿನ ಪಟ್ಟಿ), ಟಾರ್ಪಾಲು, ಹಗ್ಗ, ಜಾಕಿ, ಸಾಮಾನು. ಅಂದರೆ ನಿಜವಾಗಿ ಹೇರಬಹುದಾದದ್ದು 1040 ಕಿಲೋ ಮಾತ್ರ.

ಅವತ್ತು ಹೇರಿದ್ದೆಷ್ಟು? ಮೂಟೆ 1000. ಡ್ರಮ್ ಒಂದಕ್ಕೆ 180ರಂತೆ 540. ಒಟ್ಟು 1540. ಸರಿಯಾಗಿ 500 ಕಿಲೋ ಜಾಸ್ತಿ.

ಬೂಸ ಕ್ಯಾಬಿನ್ ಎತ್ತರಕ್ಕೆ ಹೇರಿದಾಗ ಏನೂ ಆಗಿರಲಿಲ್ಲ ಎಂಬ ಮಾತಿಗೆ ಇಲ್ಲೇ ಉತ್ತರ ಇದೆ. ಬೂಸ ಒಂದು ಘನ ಮೀಟರಿಗೆ 200 ರಿಂದ 250 ಕಿಲೋ ತೂಗುತ್ತದೆ. ಪೆಲೆಟ್ 600 ರಿಂದ 650. ಬಿಯರ್ ವೇಸ್ಟಿನಲ್ಲಂತೂ ಮುಕ್ಕಾಲು ಪಾಲು ನೀರೇ, ಆದ್ದರಿಂದ ಅದರ ತೂಕ ನೀರಿಗೆ ಹತ್ತಿರ. ಬಾಡಿಯಲ್ಲಿ ಕ್ಯಾಬಿನ್ ಮಟ್ಟದವರೆಗೆ ಹಿಡಿಯುವುದು ನಾಲ್ಕೂವರೆ ಘನ ಮೀಟರ್. ಅಷ್ಟು ಬೂಸ ಅಂದರೆ ಸಾವಿರ ಕಿಲೋ ಆಸುಪಾಸು. ನಮಗೆ ಗೊತ್ತಿಲ್ಲದೆಯೇ ಮಿತಿಯೊಳಗೆ ಇದ್ದೆವು. ಅಷ್ಟೇ ಜಾಗಕ್ಕೆ ಪೆಲೆಟ್ ತುಂಬಿದ್ದರೆ 2800 ಕಿಲೋ ಆಸುಪಾಸು ಆಗುತ್ತಿತ್ತು. ಬಾಡಿಯ ಅಂಚು ಅಳತೆಯ ಗೆರೆ ಅಂತ ಕಣ್ಣಿಗೆ ಅಭ್ಯಾಸವಾಗಿಬಿಟ್ಟಿತ್ತು.

ಆದರೆ 500 ಕಿಲೋ ಜಾಸ್ತಿ ಅನ್ನುವುದೊಂದೇ ಸ್ಟೇರಿಂಗ್ ಹಗುರವಾದದ್ದನ್ನು ವಿವರಿಸುವುದಿಲ್ಲ. ತೂಕ ಹೆಚ್ಚಿದರೆ ಸ್ಟೇರಿಂಗ್ ಭಾರವಾಗಬೇಕಿತ್ತು ಅಲ್ವಾ? ಮತ್ತೆ ಅಷ್ಟೇ ಲೋಡ್ ಹೇರಿ ತೂಗಿಸುವ ಧೈರ್ಯ ನನಗಿರಲಿಲ್ಲ. ಕಾಗದ ಪೆನ್ನು ಹಿಡಿದೆ.

ಮುಂದಿನ ಆಕ್ಸಲ್ಲಿನಿಂದ (ಎರಡು ಚಕ್ರ ಕೂಡಿಸುವ ಅಚ್ಚಿನಿಂದ) ಹಿಂದಿನ ಆಕ್ಸಲ್ಲಿಗೆ ನಮ್ಮ ಗಾಡಿಯಲ್ಲಿ ಸರಿಯಾಗಿ 3 ಮೀಟರ್. ಖಾಲಿ ಇದ್ದಾಗ ಮುಂದೆ 1060, ಹಿಂದೆ 850 ಕಿಲೋ. ಮೂಟೆಗಳ ರಾಶಿಯ ನಡುಭಾಗ ಹಿಂದಿನ ಆಕ್ಸಲ್ಲಿಗಿಂತ 30 ಸೆಂಟಿಮೀಟರ್ ಮುಂದಿತ್ತು. 1000ವನ್ನು 0.3ರಿಂದ ಗುಣಿಸಿ 3ರಿಂದ ಭಾಗಿಸಿದರೆ 100. ಅಂದರೆ ಸಾವಿರ ಕಿಲೋ ಮೂಟೆಯಲ್ಲಿ ಮುಂದಿನ ಚಕ್ರಕ್ಕೆ ಹೋದದ್ದು ಬರೀ ನೂರು. ಉಳಿದ 900 ಹಿಂದಕ್ಕೆ.

ಡ್ರಮ್ ಹಿಂದಿನ ಆಕ್ಸಲ್ಲಿನಿಂದ 90 ಸೆಂಟಿಮೀಟರ್ ಹಿಂದಿತ್ತು. ಇಲ್ಲಿ ಲೆಕ್ಕ ತಿರುಗುತ್ತದೆ. ಹಾರೆ ಹಾಕಿ ಕಲ್ಲು ಎಬ್ಬಿಸುವ ಹಾಗೆ, ಹಿಂದಿನ ಆಕ್ಸಲ್ಲೇ ಆಧಾರವಾಗಿ ಡ್ರಮ್ಮಿನ ಭಾರ ಗಾಡಿಯ ಮೂತಿಯನ್ನು ಮೇಲಕ್ಕೆತ್ತುತ್ತದೆ. 540ನ್ನು 0.9ರಿಂದ ಗುಣಿಸಿ 3ರಿಂದ ಭಾಗಿಸಿದರೆ 162. ಮುಂದಿನ ಚಕ್ರದಿಂದ ಅಷ್ಟು ಕಿತ್ತುಕೊಂಡು ಹಿಂದಿನ ಚಕ್ರಕ್ಕೆ ಕೊಡುತ್ತದೆ. ತನ್ನ 540 ಅಲ್ಲದೆ ಇದೂ ಸೇರಿ ಹಿಂದಕ್ಕೆ 702.

ಕೂಡಿಸಿ ನೋಡಿದರೆ ಮುಂದೆ 998, ಹಿಂದೆ 2452. ಆ ಮೊದಲ ಅಂಕಿಯನ್ನು ನಾನು ಮೂರು ಸಲ ಲೆಕ್ಕ ಹಾಕಿದೆ. ಗಾಡಿಗೆ ಒಂದೂವರೆ ಟನ್ ಹೇರಿದ ಮೇಲೆ ಮುಂದಿನ ಚಕ್ರದ ಮೇಲಿನ ಭಾರ ಖಾಲಿ ಗಾಡಿಗಿಂತ 62 ಕಿಲೋ ಕಡಿಮೆಯಾಗಿತ್ತು! ಬೆಣ್ಣೆಯಂಥ ಸ್ಟೇರಿಂಗಿನ ಗುಟ್ಟು ಇದು.

ಹಿಂದಿನ ಚಕ್ರಗಳ ಕಥೆ ಇನ್ನೂ ಕೆಟ್ಟದ್ದು. ಹಿಂದಿನ ಆಕ್ಸಲ್ಲಿನ ಮಿತಿ 2000 ಅಂತ ಗಾಡಿಯ ಪ್ಲೇಟಿನಲ್ಲಿ ಕೊರೆದಿದೆ. ನಮ್ಮ ಟೈರಿನ ಬದಿಯಲ್ಲಿ 112 ಎಂಬ ಅಂಕಿ ಇದೆ. ಅದು ಲೋಡ್ ಇಂಡೆಕ್ಸ್. 112 ಅಂದರೆ ಒಂದು ಟೈರ್ 1120 ಕಿಲೋ ಹೊರಬಹುದು, ಅದೂ ಸರಿಯಾದ ಗಾಳಿ ಇದ್ದರೆ. ಎರಡಕ್ಕೆ 2240. ಅವತ್ತು 2452 ಕೂತಿತ್ತು. ಗಾಳಿಯಾದರೂ ಸರಿ ಇತ್ತಾ ಅಂದರೆ ಅದೂ ಇಲ್ಲ. ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿ ಖಾಲಿ ಗಾಡಿಗೆ ಒಂದು, ಪೂರ್ತಿ ಲೋಡಿಗೆ ಇನ್ನೊಂದು ಅಂಕಿ ಇದೆ. ನಾವು ವರ್ಷವಿಡೀ ಖಾಲಿ ಗಾಡಿಯ ಅಂಕಿಗೇ ಹೊಡೆಸುತ್ತಿದ್ದೆವು. ಗಾಳಿ ಕಮ್ಮಿ ಇದ್ದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಜಾಸ್ತಿ ಬಗ್ಗುತ್ತದೆ, ಬಗ್ಗಿ ಬಗ್ಗಿ ಕಾಯುತ್ತದೆ. ಎರಡೂ ಹಿಂದಿನ ಟೈರುಗಳ ಎರಡು ಅಂಚೂ ಸವೆದು ನಡುವಿನ ಗೀರು ಮಾತ್ರ ಚೆನ್ನಾಗಿ ಉಳಿದಿತ್ತು. ಅದನ್ನು ಎಷ್ಟೋ ತಿಂಗಳಿಂದ ನೋಡಿಯೂ ನೋಡದ ಹಾಗಿದ್ದೆವು.

ಲೈಟಿನ ವಿಷಯವೂ ಇದರಲ್ಲೇ ಬಗೆಹರಿಯಿತು. ಗಾಡಿಯ ಹಿಂಭಾಗ ನಾಲ್ಕು ಬೆರಳಷ್ಟು, ಅಂದರೆ 7 ಸೆಂಟಿಮೀಟರ್ ಕೂತಿತ್ತು. 3 ಮೀಟರಿಗೆ 7 ಸೆಂಟಿಮೀಟರ್ ಏರು ಅಂದರೆ 30 ಮೀಟರ್ ಮುಂದೆ ಬೆಳಕು 70 ಸೆಂಟಿಮೀಟರ್ ಮೇಲೇರುತ್ತದೆ. ನೇರ ಎದುರಿನವರ ಕಣ್ಣಿಗೆ. ಬೈದವರದ್ದೇನೂ ತಪ್ಪಿಲ್ಲ.

ಪಟ್ಟಿ ಹಾಕಿಸಿದ್ದು ನಾನೇ

ಹಿಂದಿನ ಬ್ರೇಕ್ ಯಾಕೆ ತಣ್ಣಗಿತ್ತು ಎಂಬ ಪ್ರಶ್ನೆ ಉಳಿದಿತ್ತು. ಲೋಡ್ ಹಿಂದಿದ್ದರೆ ಹಿಂದಿನ ಬ್ರೇಕ್ ಜಾಸ್ತಿ ದುಡಿಯಬೇಕು. ಬೇರೆ ಮೇಸ್ತ್ರಿಯೊಬ್ಬರನ್ನು ಕೇಳಿದೆ. ಅವರು ಚಕ್ರ ಬಿಚ್ಚಲೇ ಇಲ್ಲ. ಗಾಡಿಯ ಕೆಳಗೆ ಮಲಗಿ ಟಾರ್ಚ್ ಬಿಟ್ಟರು. "ಪಟ್ಟಿ ಯಾವಾಗ ಹಾಕಿಸಿದ್ರಿ?" ಎಂಬುದೇ ಅವರ ಮೊದಲ ಮಾತು.

ಎರಡು ವರ್ಷದ ಹಿಂದೆ ಗಾಡಿ ಹಿಂದೆ ತುಂಬಾ ಕೂರುತ್ತದೆ ಅಂತ ಪ್ರತಿ ಬದಿಗೆ ಒಂದೊಂದು ಕಮಾನು ಪಟ್ಟಿ ಹೆಚ್ಚಿಗೆ ಹಾಕಿಸಿದ್ದೆ. ಆಮೇಲೆ ಕೂರುವುದು ಕಮ್ಮಿಯಾಯಿತು. ಗಾಡಿಗೆ ಬಲ ಬಂತು ಅಂದುಕೊಂಡೆ. ಬಲ ಬಂದದ್ದು ಪಟ್ಟಿಗೆ ಮಾತ್ರ. ಆಕ್ಸಲ್, ಬೇರಿಂಗ್, ಟೈರ್, ಬ್ರೇಕ್, ಚಾಸಿ ಎಲ್ಲ ಹಳೆಯವೇ. ಒಟ್ಟು ತೂಕದ ಮಿತಿ ಒಂದು ಕಿಲೋ ಕೂಡ ಏರುವುದಿಲ್ಲ. ಮೊದಲು ಗಾಡಿ ಕೂತು "ಸಾಕು" ಅಂತ ತೋರಿಸುತ್ತಿತ್ತು. ಆ ಒಂದು ಸೂಚನೆಯನ್ನೂ ದುಡ್ಡು ಕೊಟ್ಟು ಮುಚ್ಚಿಸಿದ್ದೆ.

ಅದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿತ್ತು. ಇಂಥ ಎಷ್ಟೋ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಮತ್ತು ಚಾಸಿಯ ನಡುವೆ ಒಂದು ಸಣ್ಣ ಸಲಾಕೆ ಇರುತ್ತದೆ. ಅದು ಬ್ರೇಕ್ ಪೈಪಿನ ಒಂದು ವಾಲ್ವಿಗೆ ಸೇರಿರುತ್ತದೆ. ಲೋಡ್ ವಾಲ್ವ್ ಅನ್ನುತ್ತಾರೆ. ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರದ ಮೇಲೆ ಭಾರ ಕಮ್ಮಿ ಇರುತ್ತದೆ. ಜೋರಾಗಿ ಬ್ರೇಕ್ ಹಿಡಿದರೆ ಚಕ್ರ ಲಾಕ್ ಆಗಿ ಗಾಡಿಯ ಹಿಂಭಾಗ ಜಾರಬಹುದು. ಅದಕ್ಕೇ ಆಗ ಈ ವಾಲ್ವ್ ಹಿಂದಕ್ಕೆ ಒತ್ತಡ ಕಮ್ಮಿ ಬಿಡುತ್ತದೆ. ಲೋಡ್ ಹೇರಿ ಗಾಡಿ ಕೂತಾಗ ಸಲಾಕೆ ಸರಿದು ಹಿಂದಿನ ಬ್ರೇಕಿಗೆ ಒತ್ತಡ ಜಾಸ್ತಿ ಸಿಗುತ್ತದೆ. ವಾಲ್ವಿಗೆ ತೂಕ ತಿಳಿಯುವುದಿಲ್ಲ. ಗಾಡಿ ಎಷ್ಟು ಕೂತಿದೆ ಎಂಬುದಷ್ಟೇ ತಿಳಿಯುತ್ತದೆ.

ಪಟ್ಟಿ ಗಟ್ಟಿಯಾಯಿತು, ಗಾಡಿ ಕೂರುವುದು ಕಮ್ಮಿಯಾಯಿತು. ವಾಲ್ವ್ ಪಾಪ, ಗಾಡಿಯಲ್ಲಿ ಸ್ವಲ್ಪವೇ ಲೋಡ್ ಇದೆ ಅಂದುಕೊಂಡು ಹಿಂದಿನ ಬ್ರೇಕಿಗೆ ಕಮ್ಮಿ ಒತ್ತಡ ಬಿಡುತ್ತಿತ್ತು. ಪಟ್ಟಿ ಬದಲಿಸಿದರೆ ಆ ಸಲಾಕೆಯನ್ನೂ ಹೊಸದಾಗಿ ಸೆಟ್ ಮಾಡಬೇಕು. ನಾನು ಕೇಳಲಿಲ್ಲ, ಹಾಕಿದವರು ಮಾಡಲಿಲ್ಲ.

ಈಗ ಆ ಇಳಿಜಾರನ್ನು ಮತ್ತೆ ನೋಡಿ. ಫೋನಿನ ಮ್ಯಾಪಿನಲ್ಲಿ ಅದರ ಎತ್ತರ ನೋಡಿದೆ, ಸುಮಾರು 200 ಮೀಟರ್ ಇಳಿತ. 3450 ಕಿಲೋ ತೂಕ 200 ಮೀಟರ್ ಕೆಳಗಿಳಿದರೆ ಹೊರಬರುವ ಶಕ್ತಿಯಲ್ಲಿ 20 ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಬಹುದು. ಕೆಳಗಿನ ಗೇರ್‌ನಲ್ಲಿ ಇಳಿದಿದ್ದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ನುಂಗಿಕೊಳ್ಳುತ್ತಿತ್ತು. ನಾಲ್ಕನೇ ಗೇರ್‌ನಲ್ಲಿ ಎಂಜಿನ್ ಹೆಚ್ಚೇನೂ ಹಿಡಿಯುವುದಿಲ್ಲ. ಹಿಂದಿನ ಬ್ರೇಕ್ ಸರಿಯಾಗಿ ದುಡಿಯುತ್ತಿಲ್ಲ. ಉಳಿದದ್ದು ಮುಂದಿನ ಎರಡು ಡಿಸ್ಕ್. ಬಿಸಿಯೆಲ್ಲ ಅಲ್ಲಿಗೇ ಹೋಯಿತು. ಅದೂ ನೆಲದ ಮೇಲೆ ಹಗುರಾಗಿ ಕೂತಿದ್ದ ಚಕ್ರಗಳಿಗೆ.

ಕೊನೆಯದಾಗಿ ಬ್ರೇಕ್ ಆಯಿಲ್. ನಾಲ್ಕು ವರ್ಷ ಬದಲಿಸಿರಲಿಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಆಯಿಲಿಗೆ ಆ ಅಂಕಿ 140 ಡಿಗ್ರಿ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ಸ್ಪಂಜಾದದ್ದು, 40 ನಿಮಿಷ ಆರಿದ ಮೇಲೆ ಮತ್ತೆ ಗಟ್ಟಿಯಾದದ್ದು, ಎರಡಕ್ಕೂ ಇದೇ ಕಾರಣ.

"ಡ್ರಮ್ ಮುಂದಿಟ್ಟರೆ ಸಾಕಲ್ವಾ ಅಣ್ಣ?"

ಲೆಕ್ಕವೆಲ್ಲ ತೋರಿಸಿದ ಮೇಲೆ ತಮ್ಮ ಕೇಳಿದ ಪ್ರಶ್ನೆ ಇದು. ಒಳ್ಳೆಯ ಪ್ರಶ್ನೆಯೇ. ಎರಡು ಟ್ರಿಪ್ ಯಾರಿಗೆ ಬೇಕು? ಅದನ್ನೂ ಲೆಕ್ಕ ಹಾಕಿದೆವು. ಡ್ರಮ್ ಕ್ಯಾಬಿನ್ನಿಗೆ ತಾಗಿ, ಮೂಟೆ ಅದರ ಹಿಂದೆ. ಆಗ ಮುಂದೆ 1122, ಹಿಂದೆ 2328. ಸ್ಟೇರಿಂಗಿಗೆ ಜೀವ ಬರುತ್ತದೆ. ಹಿಂದಿನ ಆಕ್ಸಲ್ ಮಾತ್ರ ಇನ್ನೂ 328 ಕಿಲೋ ಮಿತಿ ಮೀರಿರುತ್ತದೆ, ಟೈರ್ ಕೂಡ. ಒಟ್ಟು ತೂಕದ 500 ಅಂತೂ ಅಲ್ಲೇ ಇರುತ್ತದೆ. ಪಿಕಪ್ಪಿನಲ್ಲಿ ಬಾಡಿಯ ಬಹುಪಾಲು ಹಿಂದಿನ ಆಕ್ಸಲ್ಲಿನ ಮೇಲೇ ಕೂತಿರುತ್ತದೆ. ಎಲ್ಲಿಟ್ಟರೂ ಜಾಸ್ತಿ ಪಾಲು ಅಲ್ಲಿಗೇ ಹೋಗುತ್ತದೆ.

ಕೊನೆಗೆ ಎರಡು ಟ್ರಿಪ್ಪಿಗೆ ಅವನನ್ನು ಒಪ್ಪಿಸಿದ್ದು ಈ ಯಾವ ಅಂಕಿಯೂ ಅಲ್ಲ, ಬಿಯರ್ ವೇಸ್ಟೇ. ಸೆಖೆಯಲ್ಲಿ ಅದು ಕೆಲವೇ ದಿನಕ್ಕೆ ಹುಳಿ ಹೆಚ್ಚಾಗಿ ಕೆಡುತ್ತದೆ. ಹದಿನೈದು ದಿನಕ್ಕೊಮ್ಮೆ ಮೂಟೆಯ ಜೊತೆ ಮೂರು ಡ್ರಮ್ ತಂದು, ಕೊನೆಯ ಡ್ರಮ್ಮಿನಲ್ಲಿ ಅರ್ಧ ಗೊಬ್ಬರದ ಗುಂಡಿಗೆ ಸುರಿಯುತ್ತಿದ್ದೆವು. ಅದರ ನೀರು ಸೋರಿ ಪಕ್ಕದ ಮೂಟೆಗಳ ತಳ ನೆನೆಯುತ್ತಿತ್ತು. ಅವತ್ತಿನ ಲೋಡಿನಲ್ಲೂ ಎರಡು ಮೂಟೆ ಆಮೇಲೆ ಬೂಷ್ಟು ಹಿಡಿದವು. ಬೂಷ್ಟು ಬಂದ ಫೀಡನ್ನು ಬಿಸಿಲಿಗೆ ಒಣಗಿಸಿ ಹಾಕುವವರಿದ್ದಾರೆ. ಹಾಗೆ ಮಾಡಬೇಡಿ. ಬೂಷ್ಟಿನಿಂದ ಬರುವ ಅಫ್ಲಟಾಕ್ಸಿನ್ ವಿಷ ಬಿಸಿಲಿಗೆ ಒಣಗಿಸಿದ ಮಾತ್ರಕ್ಕೆ ಹೋಗುವುದಿಲ್ಲ, ಹಸುವಿನ ಹಾಲಿಗೂ ಇಳಿಯುತ್ತದೆ. ಒಟ್ಟಿನಲ್ಲಿ ಈ ಎರಡನ್ನು ಒಂದೇ ಗಾಡಿಯಲ್ಲಿ ತರಲು ಕಾರಣವೇ ಇರಲಿಲ್ಲ. ಸುಮ್ನೆ ರೂಢಿ ಅಷ್ಟೆ.

ಈಗ ಮೂಟೆ ಬೇರೆ, ಡ್ರಮ್ ಬೇರೆ. 20 ಮೂಟೆ ಹೇರಿ ವೇಬ್ರಿಡ್ಜಿನಲ್ಲಿ ತೂಗಿಸಿದೆವು. ನನ್ನ ಲೆಕ್ಕದಲ್ಲಿ ಮುಂದೆ 1160, ಹಿಂದೆ 1750 ಬರಬೇಕಿತ್ತು. ಚೀಟಿಯಲ್ಲಿ 1140 ಮತ್ತು 1770 ಬಂತು. 20 ಕಿಲೋ ವ್ಯತ್ಯಾಸ, ಮೂಟೆ ಒಂಚೂರು ಹಿಂದೆ ಸರಿದಿರಬೇಕು. ಸಾಲು ಕ್ಯಾಬಿನ್ ಹಿಂದಿನ ಗೋಡೆಗೆ ಒತ್ತಿಕೊಂಡೇ ಶುರುವಾಗುತ್ತದೆ. ನಡುವೆ ಸಂದು ಬಿಟ್ಟರೆ ಬ್ರೇಕ್ ಹಿಡಿದಾಗ ಮೂಟೆ ಮುಂದಕ್ಕೆ ನುಗ್ಗುತ್ತದೆ. ಡ್ರಮ್ ವಾರಕ್ಕೊಂದು ಅಥವಾ ಎರಡು, ಅವೂ ಕ್ಯಾಬಿನ್ನಿಗೆ ತಾಗಿ, ಹಗ್ಗ ಬಿಗಿದು.

ಹೆಚ್ಚುವರಿ ಪಟ್ಟಿ ತೆಗೆಸಿದೆ. ಸಲಾಕೆ ಸೆಟ್ ಆಯಿತು. ಬ್ರೇಕ್ ಆಯಿಲ್ ಬದಲಾಯಿತು, ಇನ್ನು ಎರಡು ವರ್ಷಕ್ಕೊಮ್ಮೆ ಅಂತ ಗೋಡೆಯ ಮೇಲೆ ಬರೆದಿಟ್ಟಿದ್ದೇನೆ. ಹಿಂದಿನ ಟೈರ್ ಎರಡೂ ಹೊಸವು. ಗಾಳಿ ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ, ಲೋಡಿನ ಅಂಕಿಗೆ. ಇಳಿಜಾರಿನ ಮೇಲೆ, ಇಳಿಯಲು ಶುರು ಮಾಡುವ ಮೊದಲೇ ಎರಡನೇ ಗೇರ್. ನಡುವೆ ಇಳಿಸೋಣ ಅಂದರೆ ಅಷ್ಟರಲ್ಲಿ ವೇಗ ಏರಿಬಿಟ್ಟಿರುತ್ತದೆ. ಬ್ರೇಕನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡುವುದು. ಕಾಲಿಟ್ಟುಕೊಂಡೇ ಇರುವುದಲ್ಲ.

ಒಂದು ವಿಷಯದಲ್ಲಿ ನಾನು ಸೋತೆ. ನೆಲದ ಕಬ್ಬಿಣದ ಶೀಟ್ ತೆಗೆದರೆ 96 ಕಿಲೋ, ಅಂದರೆ ಹೆಚ್ಚುಕಮ್ಮಿ ಎರಡು ಮೂಟೆ ಉಳಿಯುತ್ತದೆ ಅಂತ ಎಷ್ಟು ಹೇಳಿದರೂ ತಮ್ಮ ಒಪ್ಪಿಲ್ಲ. ಅದಿಲ್ಲದಿದ್ದರೆ ಬಾಡಿ ತೂತು ಬೀಳುತ್ತದಂತೆ. ಇರಲಿ ಅಂತ ಬಿಟ್ಟಿದ್ದೇನೆ.

20 ಮೂಟೆ ಹೇರಿದಾಗ ಒಟ್ಟು ತೂಕ 2910. ಮಿತಿಗೆ ಬಾಕಿ ಉಳಿಯುವುದು 40 ಕಿಲೋ. ಕ್ಯಾಬಿನ್ನಿನ ಡ್ಯಾಶ್‌ಬೋರ್ಡ್ ಮೇಲೆ ಮಾರ್ಕರ್ ಪೆನ್ನಿನಲ್ಲಿ "20 ಮೂಟೆ" ಅಂತ ದೊಡ್ಡದಾಗಿ ಬರೆದಿದ್ದೆ. ಮೊನ್ನೆ ನೋಡಿದರೆ ಅದರ ಕೆಳಗೆ ತಮ್ಮನ ಕೈಬರಹ ಇತ್ತು: "ಅಣ್ಣ ಜೊತೆಗೆ ಬಂದರೆ 18."